ಪಾಠ ಹೇಳುವವರೂ ಹೊಸದನ್ನು ಹುಡುಕುವವರೂ

ವಿಶ್ವವಿದ್ಯಾನಿಲಯವೆಂದರೆ ಪರೀಕ್ಷೆ ನಡೆಸಿ ಪದವಿ ಕೊಡುವ ಸಂಸ್ಥೆ ಎಂಬ ಭಾವನೆ ನಮ್ಮ ಜನರಲ್ಲಿ ಬಲವಾಗಿ ಬೇರೂರಿದೆ. ಇದಕ್ಕೆ ಇತಿಹಾಸದ ಆಧಾರವೂ ಉಂಟು. ಠಾಕುರ್ಲಿಯ ನಮ್ಮ ಮಕ್ಕಳು ಮುಂದೆ ಸೇರುವ ಡೊಂಬಿವಲಿ, ಕಲ್ಯಾಣಗಳ ಕಾಲೇಜುಗಳು ಬಹುಮಟ್ಟಿಗೆ ಮುಂಬಯಿ ವಿಶ್ವವಿದ್ಯಾನಿಲಯಕ್ಕೆ ಒಳಪಟ್ಟಿವೆ. ಈ ವಿಶ್ವವಿದ್ಯಾನಿಲಯವು 1857ರಲ್ಲಿ, ಕಲ್ಕತ್ತ ಮತ್ತು ಮದರಾಸು ವಿಶ್ವವಿದ್ಯಾನಿಲಯಗಳ ಜೊತೆಗೆ, ಲಂಡನ್ ವಿಶ್ವವಿದ್ಯಾನಿಲಯದ ಮಾದರಿಯಲ್ಲಿ ಹುಟ್ಟಿದಾಗ ಕೇವಲ ಪರೀಕ್ಷಕ ಸಂಸ್ಥೆಯಾಗಿತ್ತು. ಪಾಠ ಹೇಳುವುದು ಕಾಲೇಜುಗಳ ಕೆಲಸ. ಪರೀಕ್ಷೆ ಮಾಡುವುದು ವಿಶ್ವವಿದ್ಯಾನಿಲಯದ ಕೆಲಸ. ಹೊಸದನ್ನು ಕಂಡುಹಿಡಿಯುವುದು ಯಾರ ಕೆಲಸವೂ ಅಲ್ಲ! ಆ ಹಳೆಯ ಏರ್ಪಾಡಿನ ನೆರಳು ಇಂದಿಗೂ ನಮ್ಮ ಕಾಲೇಜುಗಳ ಮೇಲಿದೆಯೆಂದೂ, ಅದರಿಂದ ಭೌತವಿಜ್ಞಾನಕ್ಕೆ ಆಗಿರುವ ನಷ್ಟ ದೊಡ್ಡದೆಂದೂ ನನ್ನ ಅಭಿಪ್ರಾಯ.

ಬೋಧನೆಯೂ ಸಂಶೋಧನೆಯೂ ಒಂದೇ ಕೋಣೆಯಲ್ಲಿ ನಡೆದರೆ ಏನಾಗಬಹುದೆಂಬುದಕ್ಕೆ ಸತ್ಯೇಂದ್ರನಾಥ ಬೋಸರೇ ಸಾಕ್ಷಿ. ಅವರೂ ಮೇಘನಾದ ಸಹಾ ಅವರೂ ಕಲ್ಕತ್ತ ವಿಶ್ವವಿದ್ಯಾನಿಲಯದಲ್ಲಿ ತರುಣ ಅಧ್ಯಾಪಕರಾಗಿದ್ದಾಗ ಹೊಸ ಭೌತಶಾಸ್ತ್ರವನ್ನು ತಾವೇ ಓದಿಕೊಂಡು ವಿದ್ಯಾರ್ಥಿಗಳಿಗೆ ಹೇಳಬೇಕಾಗಿತ್ತು. ಐನ್‌ಸ್ಟೈನರ ಸಾಪೇಕ್ಷತಾ ಪ್ರಬಂಧಗಳನ್ನು ಅವರಿಬ್ಬರೂ ಜರ್ಮನ್ ಭಾಷೆಯಿಂದ ಇಂಗ್ಲಿಷಿಗೆ ಅನುವಾದಿಸಿದರು. ಆ ಪುಸ್ತಕ 1920ರಲ್ಲಿ ಪ್ರಕಟವಾಯಿತು. ಅನಂತರ ಬೋಸರು ಢಾಕಾ ವಿಶ್ವವಿದ್ಯಾನಿಲಯಕ್ಕೆ ಹೋದರು. ಬಿಸಿಯಾದ ವಸ್ತುವಿನಿಂದ ಹೊಮ್ಮುವ ಬೆಳಕನ್ನು ಕುರಿತ ಪ್ಲಾಂಕನ ಸೂತ್ರವನ್ನು ತರಗತಿಯಲ್ಲಿ ವಿವರಿಸಬೇಕಾಗಿ ಬಂದಾಗ, ಪುಸ್ತಕಗಳಲ್ಲಿದ್ದ ನಿರೂಪಣೆ ಅವರಿಗೆ ತೃಪ್ತಿ ಕೊಡಲಿಲ್ಲ. ಹೊಸ ದಾರಿಯಿಂದ ಅದೇ ಸೂತ್ರವನ್ನು ಸಾಧಿಸಿ, 1924ರಲ್ಲಿ ಐನ್‌ಸ್ಟೈನರಿಗೆ ಕಳುಹಿಸಿದರು. ಅವರೇ ಅದನ್ನು ಜರ್ಮನ್ ಭಾಷೆಗೆ ತಿರುಗಿಸಿ ಅಚ್ಚು ಹಾಕಿಸಿದರು. ಇಂದು ಒಂದು ಜಾತಿಯ ಕಣಗಳೆಲ್ಲಕ್ಕೂ ಬೋಸರ ಹೆಸರಿನಿಂದ ‘ಬೋಸಾನ್’ ಎಂಬ ಹೆಸರು ನಿಂತಿದೆ. ಪಾಠವನ್ನು ಸರಿಯಾಗಿ ಹೇಳಬೇಕೆಂಬ ಹಟವೇ ಇಲ್ಲಿ ಸಂಶೋಧನೆಯಾಯಿತು.

ಸ್ವಾತಂತ್ರ್ಯದ ಆಸುಪಾಸಿನಲ್ಲಿ ದೇಶ ಬೇರೊಂದು ದಾರಿ ಹಿಡಿಯಿತು. ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಲಿ 1942ರಲ್ಲಿ ಏರ್ಪಟ್ಟಿತು; ಅದರ ಆಶ್ರಯದಲ್ಲಿ ರಾಷ್ಟ್ರೀಯ ಪ್ರಯೋಗಶಾಲೆಗಳು ಎದ್ದವು. ಹೋಮಿ ಭಾಭಾ ಅವರ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ 1945ರಲ್ಲಿ ಆರಂಭವಾಯಿತು. ಅದು ಮೊದಲು ಕಣ್ಣು ತೆರೆದದ್ದು ಮುಂಬಯಿಯಲ್ಲಲ್ಲ, ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ. ಅದೇ ವರ್ಷ ಮುಂಬಯಿಗೆ ಬಂದು, ಮುಂದೆ ಕೊಲಾಬಾದ ಕಡಲಂಚಿನಲ್ಲಿ ನೆಲೆಗೊಂಡಿತು. ಸಂಶೋಧನೆ ವಿಶ್ವವಿದ್ಯಾನಿಲಯಗಳಲ್ಲಿಯೇ ಬೆಳೆಯಬೇಕೆಂದು ಸಹಾ ಅವರು ವಾದಿಸಿದರು. ಆ ವಾದ ಗೆಲ್ಲಲಿಲ್ಲ.

ಭಾಭಾ ಅವರ ಪಕ್ಷದಲ್ಲಿ ಹೇಳಬೇಕಾದುದು ಬೇಕಾದಷ್ಟಿದೆ. ಉತ್ತರಪತ್ರಿಕೆಗಳ ರಾಶಿ, ಹಣದ ಅಭಾವ, ಕಚೇರಿಯ ಕಾಗದಪತ್ರಗಳ ನಡುವೆ ಸೂಕ್ಷ್ಮ ಪ್ರಯೋಗಗಳು ನಡೆಯವು. ಪ್ರತ್ಯೇಕ ಸಂಸ್ಥೆಗಳಿಲ್ಲದಿದ್ದರೆ ಭಾರತದ ಪರಮಾಣು ವಿಜ್ಞಾನ ಅಷ್ಟು ಬೇಗ ತಲೆಯೆತ್ತುತ್ತಿತ್ತೆಂದು ನಾನು ನಂಬಲಾರೆ. ಆದರೆ ಅದಕ್ಕೆ ತೆತ್ತ ಬೆಲೆಯೇನು? ಅತ್ಯುತ್ತಮ ಸಂಶೋಧಕರು ಹದಿನೆಂಟು ವರ್ಷದ ಹುಡುಗ ಹುಡುಗಿಯರ ಕಣ್ಣಿನಿಂದ ಮರೆಯಾದರು.

ಮೈಸೂರಿನ ನಿದರ್ಶನವನ್ನು ನೋಡಿ. ಸರ್ ಸಿ. ವಿ. ರಾಮನ್ ಅವರ ಸೋದರಳಿಯರಾದ ಎಸ್. ಚಂದ್ರಶೇಖರ್ ಅವರು 1961ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಭೌತಶಾಸ್ತ್ರ ವಿಭಾಗದ ಮುಖ್ಯಸ್ಥರಾದರು. (ನಕ್ಷತ್ರಗಳನ್ನು ಅಧ್ಯಯನ ಮಾಡಿ ನೊಬೆಲ್ ಪಡೆದ ಚಂದ್ರಶೇಖರ್ ಬೇರೆಯವರು.) ದ್ರವದಂತೆ ಹರಿಯುತ್ತಿದ್ದರೂ ಅಣುಗಳು ಸ್ಫಟಿಕದಲ್ಲಿರುವಂತೆ ಒಂದು ಶಿಸ್ತಿನಲ್ಲಿ ನಿಲ್ಲುವ ದ್ರವಸ್ಫಟಿಕಗಳೆಂಬ ವಿಚಿತ್ರ ವಸ್ತುಗಳ ಅಧ್ಯಯನವನ್ನು ಅಲ್ಲಿ ಅವರು ಬೆಳೆಸಿದರು. ನಿಮ್ಮ ಕ್ಯಾಲ್ಕ್ಯುಲೇಟರಿನ ಅಂಕೆಗಳು ಕಾಣುವುದು ಇಂತಹ ವಸ್ತುವಿನಿಂದಲೇ. 1971ರಲ್ಲಿ ಅವರು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಗೆ ತೆರಳಿದರು. ದ್ರವಸ್ಫಟಿಕವಾಗಬೇಕಾದರೆ ಅಣು ಕಡ್ಡಿಯಂತೆ ಉದ್ದವಾಗಿರಬೇಕೆಂಬ ತಿಳಿವಳಿಕೆಯನ್ನು 1977ರಲ್ಲಿ ಅವರೂ ಅವರ ಸಹೋದ್ಯೋಗಿಗಳೂ ಅಲ್ಲಿ ಸುಳ್ಳು ಮಾಡಿದರು. ಬಿಲ್ಲೆಯಂತಹ ಅಣುಗಳೂ, ನಾಣ್ಯಗಳನ್ನು ಪೇರಿಸಿಟ್ಟಂತೆ ಕಂಬಗಳಾಗಿ ನಿಂತು, ದ್ರವಸ್ಫಟಿಕವಾಗುತ್ತವೆಂದು ತೋರಿಸಿದರು. ಜಗತ್ತೇ ಮೆಚ್ಚಿದ ಕೆಲಸ. ವಿಜ್ಞಾನಕ್ಕೆ ಲಾಭವಾಯಿತು, ನಿಜ, ಮೈಸೂರಿನ ಎಂ.ಎಸ್ಸಿ. ತರಗತಿಯಿಂದ ಮಾತ್ರ ಆ ಗುರು ದೂರವಾದರು.

ತಪ್ಪು ಸರ್ಕಾರದ ಗಮನಕ್ಕೆ ಬಂದಿಲ್ಲವೆನ್ನಲಾಗದು. ಬೋಧನೆ ಸಂಶೋಧನೆಗಳೆರಡನ್ನೂ ಕೂಡಿಸುವ ವಿಜ್ಞಾನ ಶಿಕ್ಷಣ ಸಂಸ್ಥೆಗಳು 2006ರಲ್ಲಿ ಪುಣೆ, ಕಲ್ಕತ್ತಗಳಲ್ಲಿ ಮೊದಲಾದವು. ಮುಂಬಯಿ ವಿಶ್ವವಿದ್ಯಾನಿಲಯವೂ ಪರಮಾಣು ಶಕ್ತಿ ಇಲಾಖೆಯೂ ಸೇರಿ 2007ರಲ್ಲಿ ಕಾಲಿನಾ ಆವರಣದಲ್ಲಿ ಮೂಲವಿಜ್ಞಾನಗಳ ಕೇಂದ್ರವೊಂದನ್ನು ತೆರೆದವು. ಹನ್ನೆರಡನೆಯ ತರಗತಿ ಮುಗಿಸಿದವರು ‘ನೆಸ್ಟ್’ ಪರೀಕ್ಷೆ ಬರೆದು ಅಲ್ಲಿ ಐದು ವರ್ಷದ ಎಂ.ಎಸ್ಸಿ. ಓದಬಹುದು, ಠಾಕುರ್ಲಿಯಿಂದ ಲೋಕಲ್ ಹಿಡಿದು ಕುರ್ಲಾದಲ್ಲಿ ಇಳಿದರೆ ಅದು ದೂರವೇನಲ್ಲ. ಬೆಂಗಳೂರಿನ ವಿಜ್ಞಾನ ಸಂಸ್ಥೆ, ಸ್ಥಾಪನೆಯಾಗಿ ನೂರು ವರ್ಷ ದಾಟಿದ ಮೇಲೆ, 2011ರಲ್ಲಿ ಹನ್ನೆರಡನೆಯ ತರಗತಿ ಮುಗಿಸಿದವರಿಗೆ ಬಾಗಿಲು ತೆರೆಯಿತು. ಕನ್ನಡದಲ್ಲಿ ಕಲಿತವರಿಗೆ ಇದೆಲ್ಲ ಎಟುಕದೆಂಬ ಅಳುಕು ಬೇಡ. ಸಿ. ಎನ್. ಆರ್. ರಾಯರು ಪ್ರೌಢಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿಯೇ ಓದಿ, 1951ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಬಿ.ಎಸ್ಸಿ. ಪಡೆದವರು.

ಆದರೂ ಈ ಹೊಸ ಸಂಸ್ಥೆಗಳಲ್ಲಿ ಸ್ಥಳ ಸಿಗುವುದು ಕೆಲವರಿಗೆ ಮಾತ್ರ. ಉಳಿದ ಬಹುಸಂಖ್ಯಾತರು ಓದುವುದು ಊರಿನ ಕಾಲೇಜಿನಲ್ಲಿ. ಅಲ್ಲಿನ ಪ್ರತಿಯೊಬ್ಬ ಅಧ್ಯಾಪಕರೂ ಬೋಸರಾಗಬೇಕೆಂದು ನಾನು ಕೇಳುವುದಿಲ್ಲ. ಉತ್ತರ ಗೊತ್ತಿಲ್ಲದ ಒಂದಾದರೂ ಪ್ರಶ್ನೆಯನ್ನು ಅವರು ಕೈಯಲ್ಲಿಟ್ಟುಕೊಂಡಿರಲಿ. ಅದಕ್ಕೆ ಬೇಕಾದ ಬಿಡುವನ್ನೂ ಸಲಕರಣೆಯನ್ನೂ ವಿಶ್ವವಿದ್ಯಾನಿಲಯ ಒದಗಿಸಲಿ. ಕಾಲೇಜುಗಳಲ್ಲಿಯೂ ಸಂಶೋಧನೆಯನ್ನು ಬೆಳೆಸಬೇಕೆಂದು 2023ರಲ್ಲಿ ಸಂಸತ್ತು ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನದ ಕಾನೂನು ಮಾಡಿದೆ. ಅದರ ಹಣ ಸಣ್ಣ ಊರಿನ ಪ್ರಯೋಗಶಾಲೆಯ ಮೇಜನ್ನು ತಲುಪಬೇಕು.

ಸದ್ಯದಲ್ಲಿ ಆ ಮೇಜಿನ ಮೇಲೆ ನಡೆಯುವುದೇನು? ಸರಳ ಲೋಲಕದಿಂದ ಗುರುತ್ವದ ವೇಗೋತ್ಕರ್ಷವನ್ನು ಅಳೆಯುವ ಪ್ರಯೋಗ ನಿಮ್ಮಲ್ಲಿ ಹಲವರಿಗೆ ಪರಿಚಿತ. ಉತ್ತರ 9.8 ಎಂದು ಪುಸ್ತಕದಲ್ಲಿದೆ. ವಿದ್ಯಾರ್ಥಿಗೆ 10.9 ಬರುತ್ತದೆ. ಆತ ಗಾಬರಿಯಾಗಿ, ಗೆಳೆಯನ ಜರ್ನಲ್ ನೋಡಿ, 9.8 ಬರುವಂತೆ ರೀಡಿಂಗುಗಳನ್ನು ತಿದ್ದುತ್ತಾನೆ, ಸಹಿಯೂ ಬೀಳುತ್ತದೆ. ಆ 10.9ರ ಹಿಂದೆ ಒಂದು ಕಾರಣವಿತ್ತು. ಗುಂಡನ್ನು ಬಿಟ್ಟ ಕ್ಷಣವನ್ನೇ ‘ಒಂದು’ ಎಂದು ಎಣಿಸಿದರೆ, ಇಪ್ಪತ್ತಕ್ಕೆ ಬರುವಾಗ ಅದು ತೂಗಿರುವುದು ಹತ್ತೊಂಬತ್ತೇ ಸಲ. ಲೆಕ್ಕ ಹಾಕಿದರೆ ಸರಿಯಾಗಿ 10.9 ಬರುತ್ತದೆ. ಸೊನ್ನೆಯಿಂದ ಎಣಿಸಿ ಮತ್ತೊಮ್ಮೆ ತೂಗಿಬಿಟ್ಟಿದ್ದರೆ ಇದು ತಾನಾಗಿಯೇ ಹೊರಬೀಳುತ್ತಿತ್ತು. ಅದಕ್ಕೆ ಬೇಕಾಗಿದ್ದುದು ಇನ್ನು ಐದು ನಿಮಿಷ, ಮತ್ತು ‘ಏಕೆ ಹೀಗೆ ಬಂತು?’ ಎಂದು ಕೇಳುವ ಒಬ್ಬ ಅಧ್ಯಾಪಕರು.