ಬೈಕಿನಲ್ಲಿ ದೂರ ಹೊರಟಿರಾ?

ಮಳೆ ಹಿಂದೆ ಸರಿದು ದಸರಾ ರಜೆ ಹತ್ತಿರ ಬಂತೆಂದರೆ ನಮ್ಮ ಹೊಳೆಹೊನ್ನೂರಿನ ಗ್ಯಾರೇಜುಗಳ ಮುಂದೆ ಬೈಕುಗಳ ಸಾಲು ಬೆಳೆಯುತ್ತದೆ. ಹುಡುಗರು ಗೋಕರ್ಣಕ್ಕೋ ಹಂಪಿಗೋ ಹೊರಡುವ ಹುರುಪಿನಲ್ಲಿರುತ್ತಾರೆ. ಕೆಲವರ ಕನಸು ಇನ್ನೂ ದೊಡ್ಡದು, ಲಡಾಖಿನವರೆಗೆ. ‘ಮೇಷ್ಟ್ರೇ, ಯಾವ ಬೈಕಾದ್ರೆ ಒಳ್ಳೇದು? ಎಷ್ಟು ಸಿಸಿ ಬೇಕು?’ ಎನ್ನುವುದು ಅವರ ಮೊದಲ ಪ್ರಶ್ನೆ. ‘ಸಂಜೆ ಎಷ್ಟು ಹೊತ್ತಿಗೆ ನಿಲ್ಲಿಸಬೇಕು?’ ಎಂದು ಕೇಳಿದವರನ್ನು ನಾನಿನ್ನೂ ಕಂಡಿಲ್ಲ. ನಿಜವಾಗಿ ಕೇಳಬೇಕಾದದ್ದು ಅದನ್ನೇ.

ಹೀಗೆ ಒತ್ತಿ ಹೇಳುವುದಕ್ಕೆ ಕಾರಣವಿದೆ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ನೂರಕ್ಕೆ ನಲವತ್ತನಾಲ್ಕಕ್ಕೂ ಹೆಚ್ಚು ಜನ ದ್ವಿಚಕ್ರ ವಾಹನದ ಮೇಲಿದ್ದವರು. ಹೆಲ್ಮೆಟ್ ಇಲ್ಲದೆ ಸತ್ತವರೇ ಸುಮಾರು 50 ಸಾವಿರ. ಅವರಲ್ಲಿ ಬಹಳಷ್ಟು ಮಂದಿ ಯಾವುದೋ ಶಾಲೆಯ ಬೆಂಚಿನಿಂದ ಎದ್ದು ಹೋಗಿ ಹೆಚ್ಚು ವರ್ಷ ಆಗಿರದ ಮಕ್ಕಳು.

ಬೈಕಿನ ವಿಚಾರವನ್ನು ಬೇಗ ಮುಗಿಸೋಣ. ನೂರು ಸಿಸಿ ಗಾಡಿಯಲ್ಲೂ ದೂರ ಹೋಗಬಹುದು, ಹೋದವರು ಬೇಕಾದಷ್ಟಿದ್ದಾರೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿದ್ದರೂ ಅಲ್ಲಿ ತಯಾರಾದ ಯೆಜ್ದಿಗಳು ಇವತ್ತಿಗೂ ಮಲೆನಾಡಿನ ಏರುಗಳನ್ನು ಹತ್ತುತ್ತಿವೆ. ಗೇರ್ ಹಾಕುವ ಲಿವರನ್ನೇ ತಿರುಗಿಸಿ ಕಿಕ್ ಹೊಡೆಯುವ ಆ ಗಾಡಿಯ ಮೋಹ ಬಿಡದವರು ನಮ್ಮಲ್ಲಿ ಕಡಿಮೆಯಿಲ್ಲ. ಗಾಡಿ ನಿಮ್ಮ ಕಾಲಳತೆಗೆ ಹೊಂದಬೇಕು, ಎರಡೂ ಪಾದ ನೆಲಕ್ಕೆ ಊರಬೇಕು, ದಾರಿಯ ಮೆಕ್ಯಾನಿಕ್ಕುಗಳಿಗೆ ಅದು ಪರಿಚಿತವಾಗಿರಬೇಕು. ಇಷ್ಟಿದ್ದರೆ ಸಾಕು.

ಇನ್ನು ದೂರದ ಲೆಕ್ಕ. ಟೆಡ್ ಸೈಮನ್ ಎಂಬ ಇಂಗ್ಲಿಷ್ ಪತ್ರಕರ್ತ 1973ರಲ್ಲಿ 500 ಸಿಸಿಯ ಟ್ರಯಂಫ್ ಬೈಕ್ ಏರಿ ಲೋಕ ಸುತ್ತಲು ಹೊರಟು, ಭಾರತವನ್ನೂ ಹಾದು, 1977ರಲ್ಲಿ ಮರಳಿದ. ನಾಲ್ಕು ವರ್ಷದಲ್ಲಿ 45 ದೇಶ, ಸುಮಾರು ಒಂದು ಲಕ್ಷ ಕಿ.ಮೀ. ಭಾಗಿಸಿ ನೋಡಿ, ದಿನಕ್ಕೆ ಸರಾಸರಿ ಎಪ್ಪತ್ತು ಕಿ.ಮೀ.ಗೂ ಕಡಿಮೆ! ಹೊಳೆಹೊನ್ನೂರಿನಿಂದ ಶಿವಮೊಗ್ಗಕ್ಕೆ ಎರಡು ಸಲ ಹೋಗಿ ಬಂದಷ್ಟೂ ಇಲ್ಲ. ನಮ್ಮ ಹುಡುಗರಿಗೆ ಮಾತ್ರ ದಿನಕ್ಕೆ ಆರುನೂರು ಕಿ.ಮೀ. ಓಡಿಸದಿದ್ದರೆ ಸಮಾಧಾನವಿಲ್ಲ.

ನಮ್ಮ ಕಡೆಯ ರಸ್ತೆಯಲ್ಲಿ ಊರು, ಹಂಪು, ದನ, ಬಸ್ಸು ಎಲ್ಲ ಸೇರಿ ಗಂಟೆಗೆ ಸರಾಸರಿ ನಲವತ್ತು ಕಿ.ಮೀ. ಸಾಗಿದರೆ ದೊಡ್ಡದು. ಮುನ್ನೂರು ಕಿ.ಮೀ.ಗೆ ಏಳೂವರೆ ಗಂಟೆ ಬೇಕು. ತಿಂಡಿ, ಊಟ, ಚಹಾ, ಪೆಟ್ರೋಲ್, ಬೆನ್ನು ನೆಟ್ಟಗೆ ಮಾಡಿಕೊಳ್ಳುವುದು ಎಂದು ಎರಡು ಗಂಟೆ ಸೇರಿಸಿ. ಬೆಳಿಗ್ಗೆ ಆರಕ್ಕೆ ಬಿಟ್ಟರೆ ಮಧ್ಯಾಹ್ನ ಮೂರೂವರೆಗೆ ತಲುಪುತ್ತೀರಿ. ಒಂದು ಪಂಕ್ಚರ್ ಆದರೂ ಐದರೊಳಗೆ ಮುಟ್ಟಬಹುದು. ನಾನೂರು ಕಿ.ಮೀ. ಎಂದು ಇಟ್ಟುಕೊಂಡರೆ ಅದೇ ಪಂಕ್ಚರ್ ನಿಮ್ಮನ್ನು ಕತ್ತಲೆಗೆ ತಳ್ಳುತ್ತದೆ.

ಕತ್ತಲೆಗೆ ಅಷ್ಟೇಕೆ ಹೆದರಬೇಕು? ಲೆಕ್ಕವನ್ನೇ ಹಾಕೋಣ. ಗಂಟೆಗೆ 60 ಕಿ.ಮೀ. ಎಂದರೆ ಸೆಕೆಂಡಿಗೆ ಸುಮಾರು 17 ಮೀಟರ್. ಎದುರಿಗೆ ಏನೋ ಇದೆ ಎಂದು ಕಣ್ಣು ಕಂಡು, ತಲೆಗೆ ಹೊಳೆದು, ಕೈ ಬ್ರೇಕಿಗೆ ಹೋಗುವಷ್ಟರಲ್ಲಿ ಒಂದು ಸೆಕೆಂಡ್ ಕಳೆದಿರುತ್ತದೆ. ಅಂದರೆ ಬ್ರೇಕ್ ಹಿಡಿಯುವ ಮೊದಲೇ 17 ಮೀಟರ್ ಹೋಯಿತು. ಒಳ್ಳೆಯ ಟೈರು, ಒಣಗಿದ ಟಾರು ಇದ್ದರೆ ನಿಲ್ಲಲು ಇನ್ನೊಂದು 20 ಮೀಟರ್. ಒಟ್ಟು 37. ಅದೇ 80ರ ವೇಗದಲ್ಲಿ ಈ ಮೊತ್ತ 57 ಮೀಟರ್ ದಾಟುತ್ತದೆ. ವೇಗ ದುಪ್ಪಟ್ಟಾದರೆ ಬ್ರೇಕಿನ ದೂರ ನಾಲ್ಕು ಪಟ್ಟಾಗುತ್ತದೆ ಎಂಬುದನ್ನು ಶಾಲೆಯಲ್ಲಿ ಎಲ್ಲರೂ ಓದಿರುತ್ತೀರಿ, ಪರೀಕ್ಷೆ ಮುಗಿದ ಮೇಲೆ ಮರೆತಿರುತ್ತೀರಿ. ರಸ್ತೆ ಒದ್ದೆಯಾಗಿ ಹಿಡಿತ ಅರ್ಧಕ್ಕಿಳಿದರೆ 80ರಲ್ಲಿ ಬೇಕಾಗುವುದು 90 ಮೀಟರಿಗೂ ಹೆಚ್ಚು. ಡಿಮ್ ಮಾಡಿದ ಹೆಡ್‌ಲೈಟಿನಲ್ಲಿ ಬಣ್ಣವಿಲ್ಲದ ವಸ್ತುವೊಂದು ಸರಿಯಾಗಿ ಕಾಣುವುದು ಹೆಚ್ಚೆಂದರೆ ನಲವತ್ತೈವತ್ತು ಮೀಟರಿನಲ್ಲಿ. ಕಂಡಾಗ ನಿಲ್ಲಿಸಲು ಜಾಗವೇ ಉಳಿದಿರುವುದಿಲ್ಲ.

ಬಣ್ಣವಿಲ್ಲದ ವಸ್ತು ಯಾವುದು ಎಂದು ಪಟ್ಟಣದವರು ಕೇಳಿಯಾರು. ನಮ್ಮ ಭದ್ರಾ ಅಚ್ಚುಕಟ್ಟಿನ ಕಡೆ ಬನ್ನಿ. ಸುಗ್ಗಿಯಲ್ಲಿ ಡಾಂಬರು ರಸ್ತೆಯೇ ಕಣ. ಭತ್ತ, ಮೆಕ್ಕೆಜೋಳ ಅರ್ಧ ರಸ್ತೆಗೆ ಹರಡಿರುತ್ತದೆ. ವಾಹನ ಹತ್ತದಿರಲಿ ಎಂದು ಸುತ್ತ ತಲೆಗಾತ್ರದ ಕಲ್ಲಿಡುತ್ತಾರೆ. ಸಂಜೆ ಕಾಳು ತುಂಬಿಕೊಂಡು ಮನೆಗೆ ಹೋಗುತ್ತಾರೆ, ಕಲ್ಲು ಮಾತ್ರ ಅಲ್ಲೇ ಉಳಿಯುತ್ತದೆ. ರಾತ್ರಿ ಎಂಟಕ್ಕೆ ಅದೇ ಕಲ್ಲಿಗೆ ಮುಂದಿನ ಚಕ್ರ ಬಡಿದರೆ ಏನಾಗುತ್ತದೆಂದು ವಿವರಿಸಬೇಕಿಲ್ಲ. ಚಿತ್ರದುರ್ಗದ ಕಡೆ ಹೋದರೆ ಹುರುಳಿ, ರಾಗಿಯ ಒಕ್ಕಣೆಯೂ ರಸ್ತೆಯಲ್ಲೇ. ಹುರುಳಿ ಬಳ್ಳಿ ಕಾರಿನ ಚಕ್ರಕ್ಕೇ ಸುತ್ತಿಕೊಳ್ಳುತ್ತದೆ, ಬೈಕಿನ ಚೈನಿನೊಳಗೆ ಸಿಕ್ಕಿದರಂತೂ ಚಕ್ರ ಬಿಗಿದು ನಿಲ್ಲಬಹುದು. ಬಳ್ಳಿ ಹಾಸು ಕಂಡರೆ ಇಳಿದು ತಳ್ಳಿಕೊಂಡು ದಾಟಿ. ಅದರ ಮೇಲೆ ಬ್ರೇಕ್ ಹಿಡಿಯಲೂ ಬೇಡಿ, ಗಾಡಿ ವಾಲಿಸಲೂ ಬೇಡಿ. ರೈತರ ಮೇಲೆ ಸಿಟ್ಟಾಗಿ ಪ್ರಯೋಜನವಿಲ್ಲ, ಸಿಮೆಂಟಿನ ಕಣ ಎಲ್ಲರಿಗೂ ಎಲ್ಲಿಂದ ಬರಬೇಕು? ಆದರೆ ಕಲ್ಲನ್ನಾದರೂ ಎತ್ತಿ ಬದಿಗೆ ಹಾಕಿ ಎಂದು ಈ ಅಂಕಣ ಓದುವ ರೈತ ಬಂಧುಗಳನ್ನು ಕೇಳಿಕೊಳ್ಳುತ್ತೇನೆ. ಹಿಂದೆ ದೀಪವಿಲ್ಲದೆ ಕಬ್ಬು ಹೇರಿಕೊಂಡು ಹೋಗುವ ಟ್ರ್ಯಾಕ್ಟರಿನವರು ಟ್ರೈಲರಿಗೆ ಒಂದು ಕೆಂಪು ರಿಫ್ಲೆಕ್ಟರ್ ಅಂಟಿಸಿದರೂ ಜೀವ ಉಳಿಯುತ್ತದೆ.

ಹೊಳೆಹೊನ್ನೂರು ಇರುವುದೇ ಎರಡು ಸೀಮೆಗಳ ಸಂದಿನಲ್ಲಿ. ಪಡುವಣಕ್ಕೆ ಶಿವಮೊಗ್ಗ, ತೀರ್ಥಹಳ್ಳಿ ದಾಟಿದರೆ ಆಗುಂಬೆ. ಮೂಡಣಕ್ಕೆ ಹೋದರೆ ಚಿತ್ರದುರ್ಗದ ಬಯಲು. ಈ ಎರಡು ದಾರಿಗಳ ತೊಂದರೆಗಳು ಬೇರೆ ಬೇರೆ.

ಮೊದಲು ಘಾಟಿ. ಆಗುಂಬೆಯಿಂದ ಸೋಮೇಶ್ವರಕ್ಕೆ ಹದಿನಾಲ್ಕು ಕಡಿದಾದ ತಿರುವುಗಳಲ್ಲಿ ಸುಮಾರು ಐನೂರು ಮೀಟರ್ ಕೆಳಗಿಳಿಯುತ್ತೇವೆ. ಗಾಡಿ, ಇಬ್ಬರು ಸವಾರರು, ಸಾಮಾನು ಎಲ್ಲ ಸೇರಿ 300 ಕಿಲೋ ಎನ್ನಿ. ಇಳಿಯುವಾಗ ಬಿಡುಗಡೆಯಾಗುವ ಶಕ್ತಿ ನಾಲ್ಕೂವರೆ ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರುವಷ್ಟು. ಇದನ್ನೆಲ್ಲ ಬ್ರೇಕಿಗೇ ಹೊರಿಸಿದರೆ ಅದು ಕಾದು, ಹಿಡಿಯುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ. ಆದ್ದರಿಂದ ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ, ಎಂಜಿನ್ನೇ ಗಾಡಿಯನ್ನು ಹಿಡಿಯುತ್ತದೆ. ಪೆಟ್ರೋಲ್ ಉಳಿಸಲು ನ್ಯೂಟ್ರಲ್ಲಿನಲ್ಲಿ ಜಾರಿಬಿಡುವವರಿದ್ದಾರೆ. ಉಳಿಯುವುದು ಹತ್ತು ರೂಪಾಯಿಯದೂ ಅಲ್ಲ. ಪೆಟ್ರೋಲಿಗೇ ಆಯಿಲ್ ಬೆರೆಸುವ ಹಳೆಯ ಟೂ ಸ್ಟ್ರೋಕ್ ಗಾಡಿಯವರು ಆಗಾಗ ತುಸು ಆಕ್ಸಿಲರೇಟರ್ ಕೊಡುತ್ತಿರಬೇಕು, ಇಲ್ಲವಾದರೆ ಸಿಲಿಂಡರಿಗೆ ಆಯಿಲ್ ಹೋಗುವುದಿಲ್ಲ. ಹತ್ತಿ ಬರುವ ವಾಹನಕ್ಕೆ ದಾರಿ ಬಿಡುವುದು ನಿಯಮ. ತಿರುವಿನಲ್ಲಿ ಬಸ್ಸಿಗೆ ಇಡೀ ರಸ್ತೆ ಬೇಕಾಗುತ್ತದೆ, ನೀವು ನಿಂತುಬಿಡಿ.

ಮಳೆಯ ದಿನಗಳಲ್ಲಿ ಎಲ್ಲಕ್ಕಿಂತ ಜಾರುವುದು ಮೊದಲ ಹತ್ತಿಪ್ಪತ್ತು ನಿಮಿಷ. ರಸ್ತೆಯ ಧೂಳು, ಎಣ್ಣೆ, ನೀರು ಬೆರೆತು ಲೋಳೆಯಾಗಿರುತ್ತದೆ. ಆ ಹೊತ್ತು ಒಂದು ಚಹಾ ಕುಡಿದರೆ ನಷ್ಟವಿಲ್ಲ. ರೈನ್‌ಕೋಟನ್ನು ಮೋಡ ಕವಿದಾಗಲೇ ಹಾಕಿಕೊಳ್ಳಿ. ಒದ್ದೆ ಬಟ್ಟೆಯ ಮೇಲೆ ಗಾಳಿ ಬೀಸಿದರೆ ಆವಿಯಾಗುವ ನೀರು ಮೈಯ ಶಾಖವನ್ನೆಲ್ಲ ಎಳೆದುಕೊಳ್ಳುತ್ತದೆ, ಮರಗಟ್ಟಿದ ಬೆರಳು ಬ್ರೇಕ್ ಹಿಡಿಯುವುದಿಲ್ಲ. ಚಳಿ ತಡೆಯಲು ಅಗ್ಗದ ಉಪಾಯವೆಂದರೆ ಜರ್ಕಿನ್ ಒಳಗೆ ಎದೆಯ ಮೇಲೆ ನಾಲ್ಕೈದು ಹಾಳೆ ಒಣ ಪತ್ರಿಕೆ. ಕಾಗದದ ಪದರಗಳ ನಡುವಿನ ಗಾಳಿಯೇ ಕಂಬಳಿ. ಈ ಪುರವಣಿಯನ್ನು ಓದಿಯಾದ ಮೇಲೆ ಬಳಸಿದರೆ ನನ್ನದೇನೂ ಅಭ್ಯಂತರವಿಲ್ಲ.

ಬಯಲುಸೀಮೆಯಲ್ಲಿ ಕಾಟ ಬಿಸಿಲಿನದು. ಬೈಕಿನ ಮೇಲೆ ಬೆವರು ಕಾಣಿಸುವುದಿಲ್ಲ, ಬಂದಂತೆಲ್ಲ ಗಾಳಿ ಆರಿಸಿಬಿಡುತ್ತದೆ. ಬಾಯಾರಿಕೆ ಗೊತ್ತಾಗುವ ಹೊತ್ತಿಗೆ ತಲೆ ಭಾರವಾಗಿರುತ್ತದೆ. ಗಂಟೆಗೊಮ್ಮೆ ಇಳಿದು ಒಂದು ಲೋಟ ನೀರು ಕುಡಿಯಿರಿ, ಮಜ್ಜಿಗೆ ಸಿಕ್ಕರೆ ಇನ್ನೂ ಒಳ್ಳೆಯದು. ಏಪ್ರಿಲ್‌ನಲ್ಲಿ ಹಂಪಿಯ ಕಡೆ ಗಾಳಿಯೇ ಮೈಗಿಂತ ಬಿಸಿಯಾಗುವ ದಿನಗಳಿರುತ್ತವೆ. ಆಗ ಗುಂಡಿ ಬಿಚ್ಚಿಕೊಂಡು ಓಡಿಸಿದರೆ ತಂಪಾಗದು, ಶಾಖವೇ ಒಳಗೆ ಬರುತ್ತದೆ. ತುಂಬು ತೋಳಿನ ಹತ್ತಿ ಬಟ್ಟೆಯೇ ಸರಿ. ಮಧ್ಯಾಹ್ನ ಮುದ್ದೆ ಊಟ ಕಂಠಪೂರ್ತಿ ಮಾಡಿ ಹ್ಯಾಂಡಲ್ ಹಿಡಿಯಬೇಡಿ. ಎರಡರಿಂದ ನಾಲ್ಕರವರೆಗೆ ದೇಹ ತಾನಾಗಿಯೇ ತೂಕಡಿಸುವ ಸಮಯ. ಈಗಷ್ಟೇ ದಾಟಿದ ಊರು ಯಾವುದೆಂದು ನೆನಪಾಗದಿದ್ದರೆ ಅದೇ ಎಚ್ಚರಿಕೆ. ಮರದ ನೆರಳಿನಲ್ಲಿ ಇಪ್ಪತ್ತು ನಿಮಿಷ ಮಲಗಿ.

ಟೈರಿನ ಗಾಳಿಯನ್ನು ಬೆಳಿಗ್ಗೆ ಹೊರಡುವ ಮೊದಲು, ಟೈರು ತಣ್ಣಗಿರುವಾಗ ನೋಡಿಸಬೇಕು. ಬೆಳಿಗ್ಗೆ 20 ಡಿಗ್ರಿಯಲ್ಲಿ 32 ಪೌಂಡ್ ಇದ್ದದ್ದು, ಬಿಸಿಲಲ್ಲಿ ಓಡಿ ಟೈರು 50 ಡಿಗ್ರಿ ಆದಾಗ 37ರ ಹತ್ತಿರ ತೋರಿಸುತ್ತದೆ. ಅದು ಸಹಜ. ‘ಜಾಸ್ತಿ ಆಗಿದೆ’ ಎಂದು ಬಂಕಿನ ಹುಡುಗ ಇಳಿಸಲು ಹೊರಟರೆ ಬೇಡವೆನ್ನಿ. ಹಿಂದೆ ಒಬ್ಬರು ಕೂರುವುದಾದರೆ ಎಷ್ಟಿರಬೇಕೆಂದು ಗಾಡಿಯ ಪುಸ್ತಕದಲ್ಲಿ ಬೇರೆಯಾಗಿಯೇ ಕೊಟ್ಟಿರುತ್ತಾರೆ.

ಸಾಮಾನು ಕಟ್ಟುವಾಗ ಭಾರವಾದದ್ದು ಕೆಳಗೆ, ಸವಾರನ ಬೆನ್ನಿಗೆ ಹತ್ತಿರ. ಹಿಂಚಕ್ರದ ಅಚ್ಚಿಗಿಂತ ಹಿಂದೆ ಭಾರ ಹೇರಿದರೆ ಸನ್ನೆಗೋಲಿನ ಹಾಗೆ ಮುಂಚಕ್ರ ಹಗುರಾಗಿ ಹ್ಯಾಂಡಲ್ ಅಲ್ಲಾಡುತ್ತದೆ. ಕಟ್ಟಲು ಹಳೆಯ ಸೈಕಲ್ ಟ್ಯೂಬಿನ ಪಟ್ಟಿಗಿಂತ ಒಳ್ಳೆಯದು ಇನ್ನೂ ಬಂದಿಲ್ಲ ಎಂದು ನನ್ನ ಅಭಿಪ್ರಾಯ. ತುದಿ ಮಾತ್ರ ನೇತಾಡದಿರಲಿ. ಹೆಂಡತಿಯೋ ತಂಗಿಯೋ ಹಿಂದೆ ಕೂತಿದ್ದರೆ ಸೀರೆಯ ಸೆರಗು, ದುಪಟ್ಟಾ ಸೊಂಟಕ್ಕೆ ಸಿಕ್ಕಿಸಿಕೊಳ್ಳಲಿ. ಹಿಂಚಕ್ರಕ್ಕೆ ಬಟ್ಟೆ ಸಿಕ್ಕದಂತೆ ಗಾರ್ಡ್ ಇರಬೇಕೆಂದು ಮೋಟಾರು ವಾಹನ ನಿಯಮದಲ್ಲೇ ಇದೆ. ಅಂದಕ್ಕೆಂದು ಅದನ್ನು ಬಿಚ್ಚಿಸಿ ಎಸೆಯುವ ಹುಡುಗರಿಗೆ ಏನು ಹೇಳೋಣ!

ಹಿಂದೆ ಕೂತವರಿಗೂ ಹೆಲ್ಮೆಟ್ ಬೇಕು, ನಮ್ಮ ರಾಜ್ಯದಲ್ಲಿ 2016ರಿಂದ ಅದು ಕಡ್ಡಾಯ. ಒಳಗಿನ ಥರ್ಮಕೋಲ್ ಪದರ ತಾನು ಜಜ್ಜಿಕೊಂಡು ತಲೆಗೆ ಬೀಳುವ ಪೆಟ್ಟಿನ ಬಲವನ್ನು ತಗ್ಗಿಸುತ್ತದೆ. ಒಮ್ಮೆ ಜಜ್ಜಿದ ಮೇಲೆ ಅದರ ಕೆಲಸ ಮುಗಿಯಿತು, ಹೊರಗೆ ಗೀರಿಲ್ಲದಿದ್ದರೂ ಬದಲಿಸಬೇಕು. ಐಎಸ್ಐ ಗುರುತಿಲ್ಲದ ಹೆಲ್ಮೆಟ್ ಮಾರುವಂತಿಲ್ಲ ಎಂದು 2021ರ ಜೂನ್‌ನಿಂದ ನಿಯಮವಿದೆ. ಗದ್ದದ ಪಟ್ಟಿ ಬಿಗಿಯದಿದ್ದರೆ ತಲೆಗಿಂತ ಮೊದಲು ಅದೇ ಹಾರಿಹೋಗುತ್ತದೆ.

ನಾಲ್ಕೈದು ಗಾಡಿಗಳು ಜೊತೆಗೆ ಹೊರಟರೆ ಎಲ್ಲರಿಗಿಂತ ನಿಧಾನ ಓಡಿಸುವವನನ್ನು ಮುಂದೆ ಬಿಡಿ. ಹಿಂದೆ ಬಿಟ್ಟರೆ ಸೇರಿಕೊಳ್ಳುವ ಆತುರದಲ್ಲಿ ಅವನೇ ಬೀಳುತ್ತಾನೆ. ಮುಂದಿನ ಗಾಡಿ ಒಂದು ಮೈಲಿಗಲ್ಲು ದಾಟಿದಾಗ ಮನಸ್ಸಿನಲ್ಲಿ ‘ಒಂದು ಅಡಿಕೆ ಮರ, ಎರಡು ಅಡಿಕೆ ಮರ’ ಎಂದು ಎಣಿಸಿ. ಎಣಿಸಿ ಮುಗಿಯುವ ಮೊದಲೇ ನೀವು ಆ ಕಲ್ಲು ಮುಟ್ಟಿದರೆ ತೀರಾ ಹತ್ತಿರದಲ್ಲಿದ್ದೀರಿ.

ಜೊತೆಯವರು ಬಿದ್ದರೆ 108ಕ್ಕೆ ಫೋನ್ ಮಾಡಿ. ಉಸಿರಾಟಕ್ಕೆ ಅಡ್ಡಿಯಿಲ್ಲದಿದ್ದರೆ ಹೆಲ್ಮೆಟ್ ಎಳೆಯಬೇಡಿ, ಕತ್ತಿಗೆ ಪೆಟ್ಟಾಗಿರಬಹುದು. ಕಾಡಿನೊಳಗೆ ಮೊಬೈಲ್ ಸಿಗ್ನಲ್ ಸಿಗುವ ಭರವಸೆಯಿಲ್ಲ, ಆದ್ದರಿಂದ ಮನೆಯವರ ನಂಬರ್, ರಕ್ತದ ಗುಂಪು ಬರೆದ ಚೀಟಿಯೊಂದು ಜೇಬಿನಲ್ಲಿರಲಿ. ದಾರಿಯಲ್ಲಿ ಬಿದ್ದ ಅಪರಿಚಿತರಿಗೆ ನೆರವಾದರೆ ಪೊಲೀಸು, ಕೋರ್ಟು ಎಂದು ಅಲೆಯಬೇಕಾದೀತೆಂಬ ಭಯ ಬೇಡ. 2019ರ ತಿದ್ದುಪಡಿಯಿಂದ ಕಾನೂನೇ ನೆರವಾದವರ ರಕ್ಷಣೆಗಿದೆ.

ಟೂಲ್ ಬಾಕ್ಸಿನಲ್ಲಿ ಒಂದು ಸ್ಪಾರ್ಕ್ ಪ್ಲಗ್, ಹೆಡ್‌ಲೈಟಿನ ಬಲ್ಬು, ಪಂಕ್ಚರ್ ಸಾಮಾನು ಇಟ್ಟುಕೊಳ್ಳಿ. ಹೊಸ ಕ್ಲಚ್ ಕೇಬಲ್ ಒಂದನ್ನು ಹಳೆಯದರ ಪಕ್ಕದಲ್ಲೇ ಎಳೆದು ಟೇಪು ಸುತ್ತಿಡುವುದು ಹಳಬರ ರೂಢಿ. ತುಂಡಾದಾಗ ಎರಡು ತುದಿ ಸಿಕ್ಕಿಸಿದರಾಯಿತು. ಚೈನಿಗೆ ಐನೂರು ಕಿ.ಮೀ.ಗೊಮ್ಮೆ ಎಣ್ಣೆ ಬೇಕು. ಅದನ್ನು ಬೆಳಿಗ್ಗೆ ಹೊರಡುವ ಗಡಿಬಿಡಿಯಲ್ಲಿ ಹಾಕಿದರೆ ರಿಮ್ಮಿಗೂ ಟೈರಿಗೂ ಸಿಡಿಯುತ್ತದೆ. ಸಂಜೆ ಲಾಡ್ಜಿನ ಮುಂದೆ ಗಾಡಿ ನಿಲ್ಲಿಸಿ ಎಂಜಿನ್ ಆರಿಸಿ, ಚೈನಿನ್ನೂ ಬೆಚ್ಚಗಿರುವಾಗ, ಒಳಮೈಗೆ ಹಾಕಿ. ರಾತ್ರಿಯಿಡೀ ಕೊಂಡಿಗಳೊಳಗೆ ಇಳಿಯುತ್ತದೆ. ಐದು ಗಂಟೆಗೇ ತಲುಪಿದ್ದರೆ ಇದನ್ನೆಲ್ಲ ಬೆಳಕಿನಲ್ಲೇ ಮಾಡಬಹುದು.