ಬಾಗಿಲು ತಟ್ಟದೆ ಬರುವ ಪ್ರೇಮ

ಪಿಯುಸಿ ಓದುತ್ತಿರುವ ಮಗಳ ಬ್ಯಾಗಿನಲ್ಲಿ ಕಳೆದ ತಿಂಗಳು ನಮಗೊಂದು ಇಂಗ್ಲಿಷ್ ಕಾದಂಬರಿ ಸಿಕ್ಕಿತು. ಕಪ್ಪು ಮುಖಪುಟದ ಮೇಲೆ ಕೆಂಪು ಸೇಬನ್ನು ಹಿಡಿದ ಎರಡು ಕೈಗಳು. ಹೆಸರು ‘ಟ್ವೈಲೈಟ್’. ನಾಯಕನು ರಕ್ತ ಕುಡಿಯುವ ಪಿಶಾಚಿ, ನಾಯಕಿ 17ರ ಹುಡುಗಿ ಎಂದು ತಿಳಿದೊಡನೆ ನಮಗೆ ಕೋಪ ಬಂದಿತು. “ಪೂರ್ತಿ ಓದಿ, ಆಮೇಲೆ ಬೈಯಿರಿ ಅಬ್ಬಾ” ಎಂದಳು ಮಗಳು. ವಿಚಾರಿಸದೆ ತೀರ್ಪು ನೀಡಬಾರದೆಂದು ಮಕ್ಕಳಿಗೆ ಕಲಿಸುವವರು ನಾವೇ. ಆದ್ದರಿಂದ ಗುರುಮಠಕಲ್ಲಿನ ನಮ್ಮ ಮನೆಯಲ್ಲಿ, ಇಶಾ ನಮಾಝಿನ ಬಳಿಕ, ನಿಘಂಟನ್ನು ಪಕ್ಕದಲ್ಲಿಟ್ಟುಕೊಂಡು ಓದತೊಡಗಿದೆವು.

ಈ ಬಗೆಯ ಸಾಹಿತ್ಯ ನಮಗೆ ತೀರ ಹೊಸದು. 1897ರಲ್ಲಿ ಬ್ರಾಮ್ ಸ್ಟೋಕರ್ ಬರೆದ ‘ಡ್ರಾಕುಲಾ’ದ ಹೆಸರನ್ನು ಮಾತ್ರ ಕಾಲೇಜಿನ ದಿನಗಳಲ್ಲಿ ಕೇಳಿದ್ದೆವು. ಅಲ್ಲಿ ರಕ್ತಪಿಶಾಚಿಯೆಂದರೆ ಭಯ. 2005ರಲ್ಲಿ ಪ್ರಕಟವಾದ ಸ್ಟೆಫನಿ ಮೆಯರ್ ಅವರ ಈ ಕಾದಂಬರಿಯಲ್ಲಿ ಅದೇ ಪಿಶಾಚಿ ಪ್ರಿಯಕರನಾಗಿದ್ದಾನೆ. ಸ್ಮಶಾನ, ಶವಪೆಟ್ಟಿಗೆಗಳನ್ನು ನಿರೀಕ್ಷಿಸಿದ್ದ ನಮಗೆ ಸಿಕ್ಕಿದ್ದು ಸದಾ ಮಳೆ ಸುರಿಯುವ ಒಂದು ಪುಟ್ಟ ಊರು ಮತ್ತು ಅಲ್ಲಿನ ಶಾಲೆ.

ಮೆಚ್ಚಬೇಕಾದುದನ್ನು ಮೊದಲು ಹೇಳುವುದು ನ್ಯಾಯ. ನಾಯಕ ಎಡ್ವರ್ಡ್ ಮತ್ತು ಅವನ ಕುಟುಂಬದವರು ಮನುಷ್ಯರಕ್ತವನ್ನು ತೊರೆದು ಪ್ರಾಣಿಗಳ ರಕ್ತದಿಂದ ಬದುಕುತ್ತಾರೆ. ಬೆಲ್ಲಾ ಎಂಬ ಆ ಹುಡುಗಿಯ ರಕ್ತ ಅವನನ್ನು ಎಲ್ಲರಿಗಿಂತ ಹೆಚ್ಚು ಸೆಳೆಯುತ್ತದೆ. ಆದರೂ ಅವನು ತನ್ನನ್ನು ತಡೆದುಕೊಳ್ಳುತ್ತಾನೆ. ರಕ್ತವನ್ನು ಹರಾಮ್ ಎಂದು ನಂಬುವ ನಮಗೆ ಓದು ಹೇಸಿಗೆ ತರಿಸಿತು, ನಿಜ. ಆದರೆ ದೇಹೇಚ್ಛೆಗೆ ಕಡಿವಾಣ ಹಾಕುವುದರ ಕಷ್ಟವನ್ನು ರಮಝಾನಿನ ಉಪವಾಸ ಹಿಡಿದವರು ಅರಿಯಬಲ್ಲರು.

ನಮ್ಮ ಆಕ್ಷೇಪವಿರುವುದು ಬೇರೊಂದು ಕಡೆ. ಎಡ್ವರ್ಡ್ ರಾತ್ರಿ ಹೊತ್ತು ಬೆಲ್ಲಾಳ ಕೋಣೆಯನ್ನು ಹೊಕ್ಕು, ಅವಳಿಗೆ ತಿಳಿಯದಂತೆ, ಅವಳು ನಿದ್ರಿಸುವುದನ್ನು ನೋಡುತ್ತ ಕುಳಿತಿರುತ್ತಾನೆ. ವಿಷಯ ತಿಳಿದಾಗ ಬೆಲ್ಲಾ ಸಿಟ್ಟಾಗುವುದಕ್ಕಿಂತ ಹೆಚ್ಚಾಗಿ ಹಿಗ್ಗುತ್ತಾಳೆ! ಹಳೆಯ ಡ್ರಾಕುಲಾನಿಗೂ ಒಂದು ಕಟ್ಟಳೆಯಿತ್ತು: ಮನೆಯವರಲ್ಲಿ ಯಾರಾದರೊಬ್ಬರು ಕರೆಯದೆ ಅವನು ಮೊದಲ ಬಾರಿ ಹೊಸ್ತಿಲು ದಾಟುವಂತಿರಲಿಲ್ಲ. 1990ರ ದಶಕದಲ್ಲಿ, ರಾತ್ರಿ ದೆವ್ವವೊಂದು ಬಂದು ಕರೆಯುತ್ತದೆಂಬ ವದಂತಿ ಹಬ್ಬಿ, ಕರ್ನಾಟಕದ ಅನೇಕ ಊರುಗಳ ಬಾಗಿಲುಗಳ ಮೇಲೆ ‘ನಾಳೆ ಬಾ’ ಎಂದು ಬರೆದಿದ್ದುದು ಓದುಗರಿಗೆ ನೆನಪಿರಬಹುದು. ಅದು ಮೂಢನಂಬಿಕೆಯೇ ಸರಿ. ಆದರೆ ಆ ದೆವ್ವವೂ ಬಾಗಿಲಿನ ಮಾತನ್ನು ಮೀರುತ್ತಿರಲಿಲ್ಲ! ಹೊಸ ಕಾಲದ ಪಿಶಾಚಿಗೆ ಅಪ್ಪಣೆಯೇ ಬೇಡ; ಅವನ ಅತಿಕ್ರಮಣಕ್ಕೆ ಪ್ರೇಮವೆಂಬ ಹೆಸರು.

ಪವಿತ್ರ ಕುರ್‌ಆನಿನ ಅನ್ನೂರ್ ಅಧ್ಯಾಯದ 27 ಮತ್ತು 28ನೆಯ ಸೂಕ್ತಗಳು, ಅನುಮತಿ ಪಡೆದು ಸಲಾಮ್ ಹೇಳದೆ ಪರರ ಮನೆಯನ್ನು ಪ್ರವೇಶಿಸಬಾರದೆಂದೂ, ಮರಳಿ ಹೋಗೆಂದರೆ ಮರಳಬೇಕೆಂದೂ ಆದೇಶಿಸುತ್ತವೆ. ಮೂರು ಬಾರಿ ಅನುಮತಿ ಕೇಳಿ, ಸಿಗದಿದ್ದರೆ ಹಿಂದಿರುಗಬೇಕೆಂದು ಪ್ರವಾದಿವರ್ಯರು(ಸ) ಕಲಿಸಿದರು. ಒಂದೇ ಮನೆಯಲ್ಲಿ ವಾಸಿಸುವ ತಾಯಿಯ ಬಳಿಗೆ ಹೋಗುವಾಗಲೂ ಅನುಮತಿ ಕೇಳಬೇಕೆಂದು ಅವರು ಒಬ್ಬರಿಗೆ ಹೇಳಿದುದನ್ನು ಇಮಾಮ್ ಮಾಲಿಕ್‌ರ ‘ಮುವತ್ತಾ’ ವರದಿ ಮಾಡುತ್ತದೆ. ಪ್ರೀತಿಯಿದ್ದಲ್ಲಿ ಅನುಮತಿ ಅನಗತ್ಯವೆಂಬ ವಾದಕ್ಕೆ ಇಲ್ಲಿ ಎಡೆಯೆಲ್ಲಿದೆ?

ಇದನ್ನೆಲ್ಲ ಮಗಳಿಗೆ ವಿವರಿಸಿದೆವು. ಅವಳು ಸಾವಧಾನವಾಗಿ ಕೇಳಿದಳು. “ಅವನು ಹಾಗೆ ಬಂದದ್ದು ನನಗೂ ಸರಿಯೆನಿಸಲಿಲ್ಲ ಅಬ್ಬಾ. ಆದರೆ ನೀವು ನನ್ನ ಬ್ಯಾಗು ತೆರೆಯುವ ಮೊದಲು ನನ್ನನ್ನು ಕೇಳಿದಿರಾ?” ಎಂದಳು.

ನಮ್ಮಲ್ಲಿ ಉತ್ತರವಿರಲಿಲ್ಲ. ಕಾಳಜಿಯಿಂದಲೇ ತೆರೆದೆವೆನ್ನಬಹುದಿತ್ತು, ಎಡ್ವರ್ಡ್ ಕೂಡ ಕಾಳಜಿಯ ಮಾತನ್ನೇ ಆಡುತ್ತಾನೆ. ಮಕ್ಕಳ ಮೇಲೆ ನಿಗಾ ಇಡುವುದು ಹೆತ್ತವರ ಹೊಣೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಮನೆಯಲ್ಲಿ ಅಪ್ಪನೇ ಕೇಳದೆ ತೆರೆಯುತ್ತಿದ್ದರೆ, ಕೇಳದೆ ಒಳಬರುವವನು ಅನ್ಯನೆಂದು ಮಗಳು ಹೇಗೆ ಗುರುತಿಸಿಯಾಳು? ಪುಸ್ತಕವನ್ನು ಕಸಿದುಕೊಂಡರೆ ಅದನ್ನು ಬಚ್ಚಿಡುವುದನ್ನಷ್ಟೇ ಅವಳು ಕಲಿಯುತ್ತಾಳೆ. ಜೊತೆಗೆ ಕುಳಿತು ಓದಿದರೆ ತೂಗಿ ನೋಡುವುದನ್ನು ಕಲಿಯುತ್ತಾಳೆ.

ನಾವು ಕ್ಷಮೆ ಕೇಳಿ ಪುಸ್ತಕವನ್ನು ಹಿಂದಿರುಗಿಸಿದೆವು. ಎರಡನೆಯ ಸಂಪುಟವನ್ನು ಅವಳೇ ತಂದುಕೊಟ್ಟಿದ್ದಾಳೆ. ನಮ್ಮ ಮನೆಗಳಲ್ಲಿ ಪ್ರೀತಿಯೊಂದಿಗೆ ಅನುಮತಿಯ ಶಿಷ್ಟಾಚಾರವನ್ನೂ ಬೆಳೆಸುವ ಸೌಭಾಗ್ಯವನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.