ವೆಲ್ಡಿಂಗ್ ಅಂಗಡಿಗೊಂದು ಪರದೆ ಬೇಡವೇ?

ಕಬ್ಬಿನ ಹಂಗಾಮು ಹತ್ತಿರ ಬಂತೆಂದರೆ ಜಮಖಂಡಿ, ಮುಧೋಳ ಕಡೆಯ ವೆಲ್ಡಿಂಗ್ ಅಂಗಡಿಗಳಿಗೆ ಉಸಿರಾಡಲು ಪುರುಸೊತ್ತು ಇರುವುದಿಲ್ಲ. ಸಮೀರವಾಡಿಗೋ ಹಿರೇಪಡಸಲಗಿಗೋ ಕಬ್ಬು ಹೊರಬೇಕಾದ ಟ್ರೇಲರಿನ ಚಾಸಿ ಬಿರಿದಿರುತ್ತದೆ, ಕೊಂಡಿ ಸವೆದಿರುತ್ತದೆ. ಬೀಳಗಿಯ ರೈತನ ನೇಗಿಲಿಗೂ ಬನಹಟ್ಟಿಯ ಮಗ್ಗದ ಚೌಕಟ್ಟಿಗೂ ಇದೇ ಅಂಗಡಿ ಗತಿ. ಈ ಕಸುಬುದಾರರು ಒಂದು ವಾರ ಕೈ ಕಟ್ಟಿ ಕೂತರೆ ನಮ್ಮ ಕಡೆ ಅರ್ಧ ಕೆಲಸ ನಿಂತುಹೋದೀತು. ಆದ್ದರಿಂದ ಅವರ ಮೇಲೆ ಹರಿಹಾಯುವುದು ನಮ್ಮ ಉದ್ದೇಶವಲ್ಲ. ಆದರೆ ಅಂಗಡಿಯ ಕೆಲಸ ಅಂಗಡಿಯೊಳಗೆ ಉಳಿಯದೆ ರಸ್ತೆಗೆ ಬಂದಿದೆ. ರಸ್ತೆ ಎಲ್ಲರದು.

ಬಸ್ಸಿಗೆ ಕಾಯುವವರು ಆ ನೀಲಿ ಬೆಳಕನ್ನು ನೋಡುತ್ತಾ ನಿಲ್ಲುತ್ತಾರೆ. ಶಾಲೆ ಬಿಟ್ಟ ಹುಡುಗರಿಗಂತೂ ಅದು ಪುಕ್ಕಟೆ ದೀಪಾವಳಿ. ರಸ್ತೆ ಆಚೆ ನಡೆದು ಹೋಗುವವನಿಗೆ ಒಂದು ಮಿಂಚಿನಿಂದ ಏನೂ ಆಗದು, ದೂರ ಹೆಚ್ಚಿದಂತೆ ಕಿರಣದ ಬಿರುಸು ಇಳಿಯುತ್ತದೆ. ನಾಲ್ಕು ಹೆಜ್ಜೆ ಹತ್ತಿರ ನಿಂತು ದಿಟ್ಟಿಸುವ ಹುಡುಗ, ಪಕ್ಕದ ಕಿರಾಣಿ ಅಂಗಡಿಯ ಗಲ್ಲಾ ಮುಂದೆ ದಿನವಿಡೀ ಕೂತವ, ಇವರ ಮಾತು ಬೇರೆ. ಆ ಬೆಳಕಿನಲ್ಲಿರುವ ನೇರಳಾತೀತ ಕಿರಣ ಕಣ್ಣಿನ ಮೇಲ್ಪೊರೆಯನ್ನು ಸುಡುತ್ತದೆ. ಸುಟ್ಟದ್ದು ಆ ಹೊತ್ತಿಗೆ ಗೊತ್ತೇ ಆಗುವುದಿಲ್ಲ. ಆರೋ ಎಂಟೋ ತಾಸಿನ ಮೇಲೆ, ರಾತ್ರಿ ಮಲಗಿದಾಗ, ಕಣ್ಣಲ್ಲಿ ಉಸುಕು ಸುರಿದಂತಾಗಿ ನೀರು ಸುರಿಯುತ್ತದೆ. ಒಂದೆರಡು ದಿನದಲ್ಲಿ ಸಾಮಾನ್ಯವಾಗಿ ವಾಸಿಯಾಗುತ್ತದೆ. ಅಷ್ಟರೊಳಗೆ ಮನೆಯವರು ಕೇಳಿದ ಔಷಧವನ್ನೆಲ್ಲ ಹಾಕಿ ಮುಗಿಸಿರುತ್ತಾರೆ. ಕಣ್ಣು ಉಜ್ಜಬಾರದು. ನೋವು ಮರಗಟ್ಟಿಸುವ ಹನಿಗಳನ್ನು ಔಷಧ ಅಂಗಡಿಯಿಂದ ತಂದು ಮೇಲಿಂದ ಮೇಲೆ ಹಾಕಿಕೊಂಡರೆ ಮೇಲ್ಪೊರೆ ಇನ್ನಷ್ಟು ಕೆಡುತ್ತದೆ. ಕಣ್ಣಿನ ಡಾಕ್ಟರರಿಗೆ ತೋರಿಸುವುದೇ ಸರಿ. ಕಪ್ಪು ಕೂಲಿಂಗ್ ಗ್ಲಾಸು ವೆಲ್ಡಿಂಗಿಗೆ ಸಾಲದು. ನಮ್ಮ ಅಂಗಡಿಗಳ ಮಾಮೂಲಿ ಕೆಲಸಕ್ಕೆ 10 ಅಥವಾ 11ನೇ ನಂಬರಿನ ಗಾಜು ಇರುವ ಮುಖವಾಡ ಬೇಕು.

ಇದಕ್ಕೆ ಪರಿಹಾರ ದುಬಾರಿಯದ್ದೇನಲ್ಲ. ಹಳೇ ಪತ್ರಾಸಿನ ಎರಡು ತುಂಡನ್ನು ರಸ್ತೆ ಕಡೆಗೆ ಅಡ್ಡ ನಿಲ್ಲಿಸಿದರೆ ಆಯಿತು. ಪ್ಲಾಸ್ಟಿಕ್ ತಾಡಪತ್ರಿ ಮಾತ್ರ ಬೇಡ, ಕಿಡಿ ಬಿದ್ದರೆ ಹೊತ್ತಿಕೊಳ್ಳುತ್ತದೆ.

ಕಣ್ಣಿನದು ಎರಡು ದಿನದ ಸಂಕಟ. ಕರೆಂಟಿನದು ಹಾಗಲ್ಲ. ಯಾವುದೇ ಅಂಗಡಿಯಲ್ಲಿ "ಅರ್ಥ್ ಐತೇನ್ರಿ?" ಎಂದು ಕೇಳಿ. "ಐತಲ್ರಿ, ನೋಡ್ರಿ" ಎಂದು ಕಬ್ಬಿಣಕ್ಕೆ ಕಚ್ಚಿಸಿದ ಕ್ಲಾಂಪು ತೋರಿಸುತ್ತಾರೆ. ಎಡವಟ್ಟು ಇರುವುದೇ ಇಲ್ಲಿ. ಆ ಕ್ಲಾಂಪಿನ ಕೇಬಲ್ಲು ರಾಡಿನ ಕರೆಂಟು ಸೆಟ್ಟಿಗೆ ತಿರುಗಿ ಹೋಗುವ ದಾರಿ ಅಷ್ಟೇ. ಸೆಟ್ಟಿನೊಳಗೆ ಸುತ್ತಿದ ತಂತಿ ಸುಟ್ಟು ಅದರ ಡಬ್ಬಿಗೇ ಕರೆಂಟು ಬಂದರೆ, ಮುಟ್ಟಿದವನನ್ನು ಆ ಕ್ಲಾಂಪು ಉಳಿಸುವುದಿಲ್ಲ. ಡಬ್ಬಿಯಿಂದ ಅರ್ಥ್ ಗುಂಡಿಗೆ ಬೇರೆಯೇ ತಂತಿ ಹೋಗಬೇಕು, ಬೇಸಿಗೆಯಲ್ಲಿ ಆ ಗುಂಡಿಗೆ ನೀರು ಹಾಕುತ್ತಿರಬೇಕು. ಎರಡಕ್ಕೂ ಅರ್ಥ್ ಎಂಬ ಒಂದೇ ಹೆಸರು ಇರುವುದರಿಂದ ಒಂದು ಇದ್ದರೆ ಇನ್ನೊಂದೂ ಇದ್ದಂತೆ ಎಂದು ನಂಬಿ ಕೂತಿದ್ದೇವೆ. ಈಗ ಬೈಕಿನ ಮೇಲೆ ಹೊಲಕ್ಕೊಯ್ಯುವ ಸಣ್ಣ ಇನ್ವರ್ಟರ್ ಸೆಟ್ಟುಗಳು ಬಂದಿವೆ. ಅವುಗಳ ಪ್ಲಗ್ಗಿನ ಮೂರನೇ ಕಾಲು ಮುರಿದು ಎರಡೇ ವೈರು ತುರುಕುವುದನ್ನು ಜಾಣತನ ಎನ್ನಬೇಕೋ ಏನೋ!

ರಾಡ್ ಹತ್ತದೆ ಸುಮ್ಮನಿರುವಾಗ ಹೋಲ್ಡರಿನಲ್ಲಿ ಬಹುತೇಕ 50ರಿಂದ 80 ವೋಲ್ಟು ಇರುತ್ತದೆ. ಮನೆಯ 230ರ ಮುಂದೆ ಅದೇನು ಮಹಾ ಎನಿಸಬಹುದು. ಮೈಯೆಲ್ಲ ಬೆವರಿ, ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು, ಬರಿಗೈಯಿಂದ ರಾಡ್ ಬದಲಿಸುವವನಿಗೆ ಅಷ್ಟೇ ಸಾಕು. ಒಣಗಿದ ಚರ್ಮದ ಕೈಚೀಲ, ಕಾಲಿಗೆ ಬೂಟು, ಮಳೆಯಲ್ಲಿ ಕೆಲಸ ಬಂದ್. ಕೇಬಲ್ಲಿನ ಹರಕಿಗೆ ಬಟ್ಟೆ ಸುತ್ತುವ ಪದ್ಧತಿಯೂ ಹೋಗಬೇಕು. ನಟ್ಟು ಸಡಿಲಿದ್ದಲ್ಲಿ ಕೇಬಲ್ಲು ಕಾಯುತ್ತದೆ, ಸೆಟ್ಟಿನೊಳಗೆ ಧೂಳು ತುಂಬಿದರೆ ಫ್ಯಾನು ಇದ್ದೂ ಪ್ರಯೋಜನವಿಲ್ಲ. ಮೇನ್ ತೆಗೆದು ತಿಂಗಳಿಗೊಮ್ಮೆ ಗಾಳಿ ಹೊಡೆಸುವುದಕ್ಕೆ ಏನು ಖರ್ಚು?

ರಬಕವಿ-ಬನಹಟ್ಟಿಯ ಮಾತೇ ಬೇರೆ. ಅಲ್ಲಿ ಮಗ್ಗದ ಶೆಡ್ಡುಗಳಲ್ಲಿ ನೂಲಿನ ಧೂಳು ಜಂತಿ ಮೇಲೆ, ಗೋಡೆ ಮೇಲೆ, ಮಗ್ಗದ ಅಡಿ ಕೂತಿರುತ್ತದೆ. ವೆಲ್ಡಿಂಗಿನ ಕಿಡಿ 35 ಅಡಿವರೆಗೂ ಹಾರಬಲ್ಲದು. ಧೂಳಿನಲ್ಲಿ ಬಿದ್ದ ಕಿಡಿ ಕೂಡಲೇ ಉರಿಯದೆ ಒಳಗೊಳಗೇ ಹೊಗೆಯಾಡಿ, ಎಲ್ಲರೂ ಮನೆಗೆ ಹೋದ ಮೇಲೆ ಏಳುತ್ತದೆ. ಮುರಿದ ಭಾಗ ಬಿಚ್ಚಿ ಹೊರಗೆ ತಂದು ಬೆಸೆಯಿರಿ. ಆಗದಿದ್ದರೆ ಸುತ್ತ ಗುಡಿಸಿ, ನೀರಿನ ಬಕೆಟ್ಟು ಇಟ್ಟುಕೊಂಡು ಕೆಲಸ ಮುಗಿದ ಮೇಲೂ ಒಂದು ತಾಸು ಒಬ್ಬರು ಕಾಯಿರಿ. ನೀರು ಸುರಿಯುವ ಮೊದಲು ಮೇನ್ ತೆಗೆದಿರಬೇಕು.

ಡೀಸೆಲ್ ಟ್ಯಾಂಕಿನದು ಇದಕ್ಕಿಂತ ಘೋರ. "ಖಾಲಿ ಐತಿ, ಏನ ಆಗೂದಿಲ್ಲ" ಎನ್ನುವ ಟ್ಯಾಂಕಿನೊಳಗೆ ಆವಿ ಇರುತ್ತದೆ. ಸಿಡಿಯುವುದು ಆವಿಯೇ. ಉರಿಯುವ ವಸ್ತು ಇದ್ದ ಪಾತ್ರೆಯನ್ನು ಪೂರ್ತಿ ಶುದ್ಧಮಾಡದೆ ವೆಲ್ಡಿಂಗ್ ಮಾಡಬಾರದು ಎಂದು 1948ರ ಕಾರ್ಖಾನೆ ಕಾಯ್ದೆಯ 37ನೇ ಕಲಮಿನಲ್ಲೇ ಬರೆದಿತ್ತು. ಆದರೆ ಆ ಕಾಯ್ದೆಯ ಕಣ್ಣಲ್ಲಿ ಕಾರ್ಖಾನೆ ಎಂದರೆ ಕರೆಂಟಿನಿಂದ ನಡೆಯುವ, ಕನಿಷ್ಠ ಹತ್ತು ಜನ ದುಡಿಯುವ ಜಾಗ. ಮಾಲೀಕ, ಒಬ್ಬ ಮಿಸ್ತ್ರಿ, ಒಬ್ಬ ಹುಡುಗ ಇರುವ ಅಂಗಡಿಯ ಬಾಗಿಲಿಗೆ ಅದು ಬರಲೇ ಇಲ್ಲ.

ಬರಬಹುದಾದದ್ದು ನಮ್ಮ ನಗರಸಭೆ, ಪಟ್ಟಣ ಪಂಚಾಯಿತಿ. ಉದ್ದಿಮೆ ಪರವಾನಗಿಗೆ ಹಣ ಕಟ್ಟಿಸಿಕೊಳ್ಳುವವರು ಅಂಗಡಿಗೆ ಒಮ್ಮೆ ಹೋಗಿ ನೋಡಲಿ: ರಸ್ತೆ ಕಡೆ ಪರದೆ ಇದೆಯೇ, ಸೆಟ್ಟಿನ ಡಬ್ಬಿಯಿಂದ ನೆಲಕ್ಕೆ ತಂತಿ ಹೋಗಿದೆಯೇ, ರಾಡ್ ಹಿಡಿದ ಹುಡುಗನ ವಯಸ್ಸೆಷ್ಟು. 14ರ ಒಳಗಿನವರನ್ನು ದುಡಿಸಬಾರದೆಂದು 2016ರಲ್ಲೇ ಕಾಯ್ದೆ ಬಿಗಿಯಾಗಿದೆ. ಇಲ್ಲದ್ದಕ್ಕೆ ದಂಡ ಹಾಕುವ ಮೊದಲು ಹದಿನೈದು ದಿನ ಟೈಮು ಕೊಡಲಿ, ಬಡವರ ಕಸುಬು ಅದು. ಆದರೆ ನೋಡುವ ಕೆಲಸ ಟ್ರೇಲರುಗಳು ರಸ್ತೆಗಿಳಿಯುವ ಮುನ್ನವೇ ಆಗಲಿ.